ಮೂವತ್ತೇಳನೆಯ ಗಾಡಿ

ಹಳೆಯ ಕಾರು ಮಾರುವ ಅಂಗಡಿಯವರು ಸುಳ್ಳು ಹೇಳುತ್ತಾರೆಂದು ಕಂಡುಹಿಡಿಯಲು ಯಾವ ವಿಜ್ಞಾನಿಯೂ ಬೇಕಿರಲಿಲ್ಲ. ಆದರೆ ಯಾರು, ಯಾವ ಕಾರಿನ ಬಗ್ಗೆ, ಎಷ್ಟು ಸುಳ್ಳು ಹೇಳುತ್ತಾರೆಂದು ಪತ್ತೆ ಮಾಡಲು ಚಕ್ರಸಂತೆ ಎಂಬ ಕಂಪನಿ ಇನ್ನೂರು ಎಂಜಿನಿಯರುಗಳನ್ನು ಸಾಕಿಕೊಂಡಿತ್ತು. ಜನ ಮನೆಯಲ್ಲೇ ಕೂತು ಫೋನಿನಲ್ಲಿ ಕಾರು ಆರಿಸಿಕೊಳ್ಳುವ ಜಾಲತಾಣ ಅದು. ಯಾವ ಊರಿನ ಯಾವ ಅಂಗಡಿಯ ಅಂಗಳದಲ್ಲಿ ಯಾವ ಕಾರು ನಿಂತಿದೆ ಎಂಬ ಪಟ್ಟಿಯೇ ಅದರ ಜೀವ. ಪಟ್ಟಿ ಕೊಡಬೇಕಾದವರು ಅಂಗಡಿಯವರು. ಅವರೋ, ಮಾರಿಹೋದ ಚೆಂದದ ಕಾರನ್ನು ಗಿರಾಕಿ ಬರಲಿ ಎಂದು ತಿಂಗಳುಗಟ್ಟಲೆ ಪಟ್ಟಿಯಲ್ಲಿ ಉಳಿಸುತ್ತಿದ್ದರು. ನಿಜವಾಗಿ ಇರುವ ಒಳ್ಳೆಯ ಕಾರನ್ನು ಬೀಗರಿಗೆಂದು ಬಚ್ಚಿಡುತ್ತಿದ್ದರು.

ಹೀಗಾಗಿ ಹುಬ್ಬಳ್ಳಿಯ ಕಸ್ತೂರಿಗೆ ಹನ್ನೆರಡು ವರ್ಷದಿಂದ ಕೆಲಸವಿತ್ತು. ಅಮಾವಾಸ್ಯೆಗೊಮ್ಮೆ ಗೋಕುಲ ರಸ್ತೆಯ ಏಳು ಅಂಗಡಿಗಳ ಅಂಗಳ ಸುತ್ತಿ, ಪ್ರತಿ ಕಾರಿನ ಮುಂದೆ ಬಗ್ಗಿ, ಚಾಸಿ ನಂಬರನ್ನು ಕೈಯಲ್ಲಿನ ಯಂತ್ರಕ್ಕೆ ತೋರಿಸಿ, 'ಇದೆ' ಅಥವಾ 'ಇಲ್ಲ' ಎಂದು ಒತ್ತುವುದು. ಎಣಿಕೆಗೆ ಅಮಾವಾಸ್ಯೆಯೇ ಆಗಬೇಕೆಂದು ಹಟ ಹಿಡಿದವಳು ಅವಳೇ. ಬೆಂಗಳೂರಿನ ಸಾಹೇಬರು ಮೊದಲು ತಿಂಗಳ ಒಂದನೆಯ ತಾರೀಖು ಎಂದಿದ್ದರು. ಅಂದು ಬೆಳಿಗ್ಗೆ ಎಣಿಸಿದ ಕಾರು ಮಧ್ಯಾಹ್ನದೊಳಗೆ ಹೂವಿನ ಹಾರ ಹಾಕಿಕೊಂಡು ಹೊರಟುಹೋಗುತ್ತಿತ್ತು. ಅಮಾವಾಸ್ಯೆಯ ದಿನ ಇದ್ದ ಗಾಡಿಗೆ ಪೂಜೆ ಮಾಡುವವರುಂಟು, ಕೊಂಡ ಗಾಡಿಯನ್ನು ಮನೆಗೆ ಒಯ್ಯುವವರು ಈ ಊರಿನಲ್ಲಿ ಇಲ್ಲ. ಅಂದು ಅಂಗಳದಲ್ಲಿ ನಿಂತದ್ದು ನಿಂತೇ ಇರುತ್ತದೆ.

ಹನ್ನೆರಡು ವರ್ಷ ಇದೇ ಕೆಲಸ ಮಾಡಿದರೆ ಮನುಷ್ಯರ ಮೇಲೆ ನಂಬಿಕೆ ಎಲ್ಲಿಂದ ಉಳಿದೀತು? ಹಾಲಿನವನು ಅಳೆದು ಕೊಟ್ಟ ಹಾಲನ್ನು ಕಸ್ತೂರಿ ಒಳಗೆ ಹೋಗಿ ಮತ್ತೊಮ್ಮೆ ಅಳೆಯುತ್ತಿದ್ದಳು. ಧಾರವಾಡದ ಹಾಸ್ಟೆಲಿನಲ್ಲಿದ್ದ ಮಗಳು ಊಟ ಆಯಿತು ಎಂದರೆ ಏನು ಊಟ ಎಂದು ಕೇಳಿ, ಮರುದಿನ ಅವಳ ಗೆಳತಿಗೆ ಫೋನು ಮಾಡಿ ಅದನ್ನೇ ಕೇಳುತ್ತಿದ್ದಳು. ಅವಳ ಕಣ್ಣಿಗೆ ಬೀಳದೆ ಉಳಿದವನು ಗಂಡ ಫಕೀರೇಶ ಒಬ್ಬನೇ. ಅವನು ಸುಳ್ಳು ಹೇಳುವಷ್ಟು ಚುರುಕಿನವನಲ್ಲ ಎಂದು ಅವಳು ಮದುವೆಯಾದ ವರ್ಷವೇ ತೀರ್ಮಾನಿಸಿ ಆ ಕಡತ ಮುಚ್ಚಿದ್ದಳು.

ಆ ಅಮಾವಾಸ್ಯೆಯಂದು ಹೊಂಬಳ ಮೋಟರ್ಸ್ ಅಂಗಳದಲ್ಲಿ ಪಟ್ಟಿ ಮೂವತ್ತೇಳು ಎಂದಿತು. ಎಣಿಸಿದರೆ ಮೂವತ್ತಾರು. ಮತ್ತೆ ಎಣಿಸಿದಳು. ಹಿಂದಿನ ಶೆಡ್ಡಿನಲ್ಲಿ, ನೀರಿನ ಟಾಕಿಯ ಮರೆಯಲ್ಲಿ ನೋಡಿದಳು. ಮೂವತ್ತಾರೇ.

"ಹೊಂಬಳಾರ, ಒಂದು ಗಾಡಿ ನುಂಗೀರಿ," ಎಂದಳು.

ಅಂಗಡಿಯ ಮಾಲೀಕ ಚನ್ನವೀರ ಹೊಂಬಳ ತಾಟಿನಲ್ಲಿದ್ದ ಮಿರ್ಚಿ ಅವಳತ್ತ ಸರಿಸಿದ. "ಅಕ್ಕಾರ, ಅಮಾಸಿ ದಿನ ಸುಳ್ಳು ಹೇಳತೇನೇನು? ನಾ ಕಳಿಸಿದ ಪಟ್ಟಿಯೊಳಗ ಇರೂದು ಮೂವತ್ತಾರ. ಇನ್ನೊಂದು ಯಾರು ಸೇರಿಸ್ಯಾರೋ, ನನ್ನ ಮಕ್ಕಳ ಮ್ಯಾಲ ಆಣಿ, ನನಗ ಗೊತ್ತಿಲ್ಲ."

"ನಿಮ್ಮ ಮಕ್ಕಳ ಮ್ಯಾಲ ಹೋದ ತಿಂಗಳದ್ದ ಇನ್ನೂ ಎರಡು ಆಣಿ ಅದಾವ. ಹೊಸಾದು ಬ್ಯಾಡ."

ಮಿರ್ಚಿ ಮುಟ್ಟದೆ ಅವಳು ಮೂವತ್ತೇಳನೆಯ ಸಾಲನ್ನು ಒತ್ತಿದಳು. ಫೋಟೋ ತೆರೆಯಿತು. ನೀಲಿ ಬಣ್ಣದ ಏಳು ಸೀಟಿನ ಗಾಡಿ, ಹಿಂದೆ ಹೊಂಬಳರ ಅಂಗಳದ ಹಳದಿ ಗೋಡೆ. ಎಡಗಡೆಯ ಬಾಗಿಲಿನ ಮೇಲೆ ಉದ್ದಕ್ಕೂ ಒಂದು ಗೀರು. ಆ ಗೀರನ್ನು ಕಸ್ತೂರಿ ಎಲ್ಲಿದ್ದರೂ ಗುರುತಿಸುತ್ತಿದ್ದಳು. ಮಗಳ ಕಬ್ಬಿಣದ ಟ್ರಂಕನ್ನು ಹಾಸ್ಟೆಲಿಗೆ ಸಾಗಿಸುವಾಗ ಅದನ್ನು ಮಾಡಿದವಳು ಅವಳೇ. ಕೆಳಗೆ ನಂಬರು ನೋಡಿದಳು. ಅದು ಅವಳ ಗಂಡನ ಗಾಡಿ.

"ಈ ಫೋಟೋ ಇಲ್ಲೇ ತಗದಾರ," ಎಂದಳು.

ಹೊಂಬಳ ಕನ್ನಡಕ ಏರಿಸಿ ನೋಡಿದ. "ಗ್ವಾಡಿ ನಂದ ಐತ್ರಿ. ಗಾಡಿ ನಾ ಕಂಡಿಲ್ಲ."

ಯಂತ್ರ ಉತ್ತರಕ್ಕಾಗಿ ಕಾಯುತ್ತಿತ್ತು. ಇದೆ, ಇಲ್ಲ. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಾಲನ್ನೂ ಕಸ್ತೂರಿ ಖಾಲಿ ಬಿಟ್ಟವಳಲ್ಲ. ಕಣ್ಣೆದುರು ಇಲ್ಲದ್ದಕ್ಕೆ 'ಇಲ್ಲ' ಎಂದು ಒತ್ತಿ ಮುಂದೆ ಹೋಗುವುದು ಅವಳ ಪದ್ಧತಿ. ಅಂದು ಮಾತ್ರ ಬೆರಳು ಮುಂದೆ ಹೋಗಲಿಲ್ಲ. 'ಇಲ್ಲ' ಎಂದರೆ ಸಾಲು ಅಳಿಸಿಹೋಗುತ್ತದೆ, ಗಂಡ ಏನು ಮಾಡಲು ಹೊರಟಿದ್ದಾನೆಂದು ತಿಳಿಯುವ ಒಂದೇ ದಾರಿ ಮುಚ್ಚಿಹೋಗುತ್ತದೆ ಎನಿಸಿತು. ಸಾಲನ್ನು ಖಾಲಿ ಬಿಟ್ಟು ಯಂತ್ರವನ್ನು ಚೀಲಕ್ಕೆ ಹಾಕಿದಳು.

ಮನೆಗೆ ಬಂದಾಗ ಫಕೀರೇಶ ಗಾಡಿ ತೊಳೆದು ವಿಭೂತಿ ಹಚ್ಚುತ್ತಿದ್ದ. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟಾಗಿತ್ತು. ಎಂಟು ವರ್ಷದಿಂದ ಆ ಗಾಡಿಯೇ ಅವನ ಅನ್ನ. ಬಾಡಿಗೆ ಆ್ಯಪ್ ಕೊಡುವ ಟ್ರಿಪ್ಪುಗಳ ಜೊತೆಗೆ, ವಾರಕ್ಕೆ ಮೂರು ಬೆಳಿಗ್ಗೆ ಕುಂದಗೋಳದಿಂದ ನಾಲ್ಕು ಜನ ಡಯಾಲಿಸಿಸ್ ರೋಗಿಗಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತಂದು ಬಿಡುತ್ತಿದ್ದ. ಅವರು ಒರಗಿಕೊಳ್ಳಲೆಂದು ಹಿಂದಿನ ಸೀಟಿಗೆ ತಾನೇ ಹತ್ತಿಯ ದಿಂಬು ಹೊಲಿಸಿ ಹಾಕಿದ್ದ. ಗಾಡಿ ಇದ್ದರೆ ಅವನು ನಾಲ್ಕು ಜನರ ಬಾಯಲ್ಲಿ ಫಕೀರೇಶಣ್ಣ. ಇಲ್ಲದಿದ್ದರೆ ಏನಾದಾನು ಎಂದು ಕಸ್ತೂರಿ ಯೋಚಿಸಿಯೇ ಇರಲಿಲ್ಲ.

"ಪೂಜಿ ಜೋರ ನಡದೈತಿ," ಎಂದಳು.

"ಪ್ರತಿ ಅಮಾಸಿಗೂ ಇಷ್ಟ ಜೋರ ಇರ್ತೈತಿ. ಕಾಯಿ ತಾ."

"ಗಾಡಿ ಹಳೇದಾತು ಅನಸ್ತೈತೇನ್ರಿ ನಿಮಗ?"

"ನಾನೂ ಹಳಬ ಆಗೇನಿ. ನನ್ನೂ ತಗದ ಒಗೀತಿಯೇನು?" ಎಂದು ನಕ್ಕ.

ನಕ್ಕಿದ್ದು ಯಾಕೆ? ಮಾತು ತಿರುಗಿಸಿದ್ದು ಯಾಕೆ? ಮುಚ್ಚಿದ್ದ ಕಡತ ಆ ಸಂಜೆ ತಾನೇ ತೆರೆದುಕೊಂಡಿತು. ಅವನ ತಮ್ಮ ಗೋವಾದಲ್ಲಿ ಪ್ರವಾಸಿಗಳ ದೋಣಿ ನಡೆಸುತ್ತಿದ್ದ. ಅಣ್ಣಾ ನೀನೂ ಬಾ, ಪಾಲಿಗೆ ಮಾಡೋಣ ಎಂದು ಎರಡು ವರ್ಷದಿಂದ ಕರೆಯುತ್ತಿದ್ದ. ಹೋಗುವುದಿಲ್ಲ ಎಂದು ಫಕೀರೇಶ ಹೇಳಿದ್ದ. ಹಾಗೆಂದು ಅವನು ಹೇಳಿದ್ದ ಅಷ್ಟೇ, ಅವಳು ಎಣಿಸಿ ನೋಡಿರಲಿಲ್ಲ.

ಅಡುಗೆಮನೆಗೆ ಹೋಗಿ, ಬೇಳೆ ಒಲೆಯ ಮೇಲಿಟ್ಟು, ಫೋನಿನಲ್ಲಿ ಚಕ್ರಸಂತೆ ತೆರೆದಳು. ಗಾಡಿ ಅಲ್ಲೇ ಇತ್ತು. ಈಗ ಫೋಟೋದ ಕೆಳಗೆ ಒಂದು ಸಾಲು ಕಾಣಿಸಿತು: ಹೊಂಬಳ ಮೋಟರ್ಸ್‌ನಲ್ಲಿ ಹದಿನೆಂಟು ದಿನದಲ್ಲಿ ಲಭ್ಯ, ಶುಕ್ರವಾರ. ಯಾವ ಗಾಡಿಗೂ ಅವಳು ಇಂಥ ಸಾಲನ್ನು ನೋಡಿರಲಿಲ್ಲ. ಬೇಳೆ ಉಕ್ಕಿ ಚೆಲ್ಲಿದಾಗಲೇ ಅವಳಿಗೆ ಎಚ್ಚರ.

ಅಂದಿನಿಂದ ಅದೊಂದು ಚಟವಾಯಿತು. ಹಲ್ಲುಜ್ಜುತ್ತ ನೋಡುವಳು, ಬಸ್ಸಿನಲ್ಲಿ ನೋಡುವಳು, ಗಂಡ ಸ್ನಾನಕ್ಕೆ ಹೋದರೆ ನೋಡುವಳು. ಬೆಲೆ ಬದಲಾಯಿತೇ, ದಿನ ಬದಲಾಯಿತೇ, ಹೊಸ ಫೋಟೋ ಬಂತೇ? ಆಫೀಸಿಗೆ ಹೋಗಿ ಕೇಳಬಹುದಿತ್ತು. ಆದರೆ ತನ್ನ ಮನೆಯ ಹುಳುಕನ್ನು ಸಹೋದ್ಯೋಗಿಗಳ ಮುಂದೆ ಬಿಚ್ಚಿಡುವುದು ಹೇಗೆ? ಊರಿನವರ ಕಳ್ಳತನ ಹಿಡಿಯುವ ಕಸ್ತೂರಿಯ ಮನೆಯಲ್ಲೇ ಗಂಡ ಗುಟ್ಟಾಗಿ ಗಾಡಿ ಮಾರುತ್ತಿದ್ದಾನೆ ಎಂದರೆ ನಗುವವರು ಎಷ್ಟು ಜನ! ತಾನೇ ಪತ್ತೆ ಹಚ್ಚುತ್ತೇನೆ ಎಂದುಕೊಂಡಳು.

ಹೊರಗಿನಿಂದಲೂ ಸಾಕ್ಷಿಗಳು ಒದಗಿಬಂದವು. ಮೊದಲ ವಾರ ಕಳೆಯುವಷ್ಟರಲ್ಲಿ ಬಾಡಿಗೆ ಆ್ಯಪ್ ಕೊಡುತ್ತಿದ್ದ ಟ್ರಿಪ್ಪುಗಳು ದಿನಕ್ಕೆ ಒಂಬತ್ತಿದ್ದದ್ದು ನಾಲ್ಕಾದವು, ಆಮೇಲೆ ಒಂದಾದವು. ಫಕೀರೇಶ ಹಗಲು ಹೊತ್ತಿನಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಫೋನನ್ನೇ ನೋಡತೊಡಗಿದ. ಎರಡನೆಯ ವಾರದ ಕೊನೆಗೆ ಕುಂದಗೋಳದ ರೋಗಿಗಳೂ ಬೇರೆ ವ್ಯಾನಿಗೆ ಹೋದರು.

"ಏನಾಗೈತೋ ಏನೋ," ಎಂದ ಊಟಕ್ಕೆ ಕೂತಾಗ. "ಆಸ್ಪತ್ರಿಯವರಿಗೆ ಕೇಳಿದ್ರ, ನಿಮ್ಮ ಗಾಡಿ ಇನ್ನ ಮುಂದ ಸಿಗೂದಿಲ್ಲಂತಲ್ಲ ಅಂದ್ರು. ಯಾರು ಹೇಳಿದ್ರು ಅಂದ್ರ, ಕಂಪ್ಯೂಟರಿನ್ಯಾಗ ಬಂದೈತಿ ಅಂತಾರ."

ಕಸ್ತೂರಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಅವನು ಮಾರಲು ಇಟ್ಟಿರದಿದ್ದರೆ ಆಸ್ಪತ್ರೆಯವರಿಗೆ ಹೇಗೆ ತಿಳಿದೀತು? ತನ್ನ ಹತ್ತಿರ ಏನೂ ತಿಳಿಯದವನಂತೆ ಆಡುತ್ತಿದ್ದಾನೆ. ಇಷ್ಟು ವರ್ಷ ಪೆದ್ದ ಎಂದುಕೊಂಡವನು ಎಂಥ ನಟ!

ಮರುದಿನ ಅವನು ಮಲಗಿದ್ದ ಮಧ್ಯಾಹ್ನ ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದು ನೋಡಿದಳು. ಆರ್.ಸಿ. ಕಾಗದ ಇರಲಿಲ್ಲ. ಸೀದಾ ಒಳಗೆ ಬಂದು ಅವನನ್ನು ಎಬ್ಬಿಸಿದಳು, ಫೋನನ್ನು ಅವನ ಮುಖಕ್ಕೆ ಹಿಡಿದಳು.

"ಇದೇನಿದು?"

ಫಕೀರೇಶ ಕಣ್ಣುಜ್ಜಿ ನೋಡಿದ. ತನ್ನ ಗಾಡಿ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. "ಇದು ನಿಮ್ಮ ಕಂಪನೀದ. ನನ್ನ ಯಾಕ ಕೇಳ್ತಿ?"

"ಅಂಗಡಿಯವರ ಕೈ ಇಲ್ದ ಯಾವ ಗಾಡೀನೂ ಪಟ್ಟಿಗೆ ಬರೂದಿಲ್ಲ. ಅಂಗಡಿಯವರಿಗೆ ನೀವು ಹೇಳಲಾರದ ತಿಳಿಯೂದಿಲ್ಲ. ಆರ್.ಸಿ. ಎಲ್ಲೈತಿ?"

"ವಿಮಾ ಆಫೀಸಿನ್ಯಾಗ ಝೆರಾಕ್ಸ್‌ಗೆ ಕೊಟ್ಟೇನಿ."

"ಗೋವಾಕ್ಕ ಯಾವಾಗ ಹೊಂಟೀರಿ?"

ಫಕೀರೇಶ ಎದ್ದು ಕೂತ. ಅವನಿಗೆ ಸಿಟ್ಟು ಬರುವುದು ಅಪರೂಪ, ಬಂದರೆ ದನಿ ಸಣ್ಣದಾಗುತ್ತಿತ್ತು. "ಕಸ್ತೂರಿ, ಇಪ್ಪತ್ತೊಂದು ವರ್ಷ ಆತು ಮದಿವ್ಯಾಗಿ. ಅಂಗಡಿಯವರನ್ನ ಎಣಿಸಿದಂಗ ನನ್ನ ಎಣಿಸಾಕತ್ತೀಯಲ್ಲ."

"ಹೊಂಬಳಾರ ಕಡೆಯಿಂದ ಬರಿಸ್ಕೊಂಡ ಬರ್ರಿ. ಈ ಗಾಡಿಗೂ ನನಗೂ ಸಂಬಂಧ ಇಲ್ಲ ಅಂತ ಅಂವ ಸಹಿ ಮಾಡಿ ಕೊಡ್ಲಿ. ಆಗ ನಂಬತೇನಿ."

ಮೂರು ದಿನ ಇಬ್ಬರೂ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದವರಂತೆ ಓಡಾಡಿದರು. ಕಸ್ತೂರಿಗೆ ಊಟ ಸೇರಲಿಲ್ಲ. ಗಾಡಿ ಹೋದರೆ ಹೋಗಲಿ, ತನಗೆ ಹೇಳದೆ ಹೋಗುತ್ತಿದೆಯಲ್ಲ ಎಂಬುದು ಎದೆಯಲ್ಲಿ ಕುಟುಕುತ್ತಿತ್ತು. ಆದರೂ ಫೋನಿನಲ್ಲಿ ನೋಡುವುದನ್ನು ಬಿಡಲಿಲ್ಲ.

ಹದಿನೆಂಟನೆಯ ದಿನ, ಶುಕ್ರವಾರ, ಮಾನ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಅವಳು ವಿದ್ಯಾನಗರದ ಆಫೀಸಿನ ನಾಲ್ಕನೆಯ ಮಹಡಿಗೆ ಹತ್ತಿದಳು. ಅಲ್ಲಿ ಒಂದು ಗೋಡೆಯ ತುಂಬ ಜಿಲ್ಲೆಯ ನಕಾಶೆ. ಅದರ ಮೇಲೆ ಸಾವಿರಾರು ಚುಕ್ಕಿಗಳು ಮಿಣುಕುತ್ತಿದ್ದವು, ಕೆಲವು ಬಿಳಿ, ಕೆಲವು ಹಳದಿ. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ತನ್ವೀರ್ ನದಾಫ್ ಮೆತ್ತಗಿನ ಹುಡುಗ, ಕಸ್ತೂರಿಯನ್ನು ಕಂಡರೆ ಸ್ವಲ್ಪ ಹೆದರುತ್ತಿದ್ದ.

"ಬಿಳಿ ಚುಕ್ಕಿ ಅಂಗಳದಾಗ ಇರೂ ಗಾಡಿ, ಅಕ್ಕಾರ. ನೀವು ಎಣಿಸೂವು. ಹಳದಿ ಅಂದ್ರ ಇನ್ನೂ ಬಂದಿಲ್ಲ, ಬರಾಕ ಹತ್ಯಾವ."

"ಬರಾಕ ಹತ್ಯಾವ ಅಂತ ಯಾರು ಹೇಳಿದ್ರು?"

"ಮುಂಗಾಣಿ."

ಕಂಪನಿಯವರು ಹೊಸ ಯಂತ್ರಬುದ್ಧಿಗೆ ಇಟ್ಟ ಹೆಸರು ಅದು. ತನ್ವೀರ್ ವಿವರಿಸಿದ. ಅಂಗಡಿಯವರನ್ನು ಕೇಳಿದರೆ ಸುಳ್ಳು ಹೇಳುತ್ತಾರೆ, ಆದ್ದರಿಂದ ಕೇಳುವುದನ್ನೇ ಬಿಟ್ಟರೆ ಹೇಗೆ ಎಂದು ಬೆಂಗಳೂರಿನಲ್ಲಿ ಯಾರಿಗೋ ಹೊಳೆಯಿತು. ಪ್ರತಿ ಗಾಡಿಯಲ್ಲೂ ಈಗ ಕಡ್ಡಾಯವಾಗಿ ಬೆರಳುದ್ದದ ಪೆಟ್ಟಿಗೆಯಿದೆ. ಎಷ್ಟು ಓಡಿತು, ಬ್ರೇಕು ಎಷ್ಟು ಸವೆಯಿತು, ಯಾವ ಗ್ಯಾರೇಜಿಗೆ ಎಷ್ಟು ಸಲ ಹೋಯಿತು ಎಂದು ಅದು ಹೇಳುತ್ತದೆ. ವಿಮೆ ಮಾಡಿಸುವಾಗ ಎಲ್ಲರೂ ಓದದೆ ಒಪ್ಪಿಗೆ ಒತ್ತಿದ್ದಾರೆ. ಅದನ್ನೆಲ್ಲ ಕೂಡಿಸಿ ಮುಂಗಾಣಿ ಯಾವ ಗಾಡಿ ಯಾವ ದಿನ ಯಾವ ಅಂಗಡಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತದೆ. ಫೋಟೋವನ್ನೂ ತಾನೇ ಕಟ್ಟುತ್ತದೆ. ಗಾಡಿ ಒಂದು ಕಡೆಯದು, ಗೋಡೆ ಇನ್ನೊಂದು ಕಡೆಯದು. ಕೊಳ್ಳುವವರು ಎರಡು ವಾರ ಮೊದಲೇ ಕಾಯ್ದಿರಿಸಬಹುದು.

"ನನ್ನ ಮನಿ ಗಾಡಿ ತೋರಸು," ಎಂದಳು ಕಸ್ತೂರಿ. ನಂಬರು ಹೇಳಿದಳು.

ತನ್ವೀರ್ ಆ ಗಾಡಿಯ ಪುಟ ತೆರೆದ. ಮೊದಲ ದಿನ ಸಾಧ್ಯತೆ ನೂರಕ್ಕೆ ಮೂವತ್ತೊಂದು. ಕಾರಣ: ಗಾಡಿಗೆ ಎಂಟು ವರ್ಷ, ಕ್ಲಚ್ ಎರಡು ಸಲ ಬದಲಾಗಿದೆ.

"ಮೂವತ್ತೊಂದು? ಅಂದ್ರ ನೂರಕ್ಕ ಅರವತ್ತೊಂಬತ್ತು ಸುಳ್ಳು. ಅಷ್ಟಕ್ಕ ಪಟ್ಟಿಗೆ ಹಾಕ್ತೀರೇನು?"

"ಮೂವತ್ತು ದಾಟಿದ್ರ ಹಾಕ್ತೇವ್ರಿ. ಆಮ್ಯಾಲ ಖರೇ ಆಗ್ತಾವ. ನಮ್ಮಲ್ಲಿ ಈ ತಿಂಗಳ ಸುರು ಆಗೈತಿ, ಬೆಂಗಳೂರಾಗ ಈ ವರ್ಷ ಹಾಕಿದ್ರಾಗ ನೂರಕ್ಕ ತೊಂಬತ್ತು ಖರೇ ಆಗ್ಯಾವ."

"ಹೆಂಗ ಖರೇ ಆಗ್ತಾವ ಅಂತ ಯಾರರ ನೋಡೀರೇನು?"

"ಅದು ನಮ್ಮ ವಿಭಾಗ ಅಲ್ರಿ," ಎಂದ ತನ್ವೀರ್.

ಸಾಧ್ಯತೆಯ ಅಂಕಿ ಮೇಲೇರುತ್ತ ಹೋಗಿತ್ತು. ಅಮಾವಾಸ್ಯೆಯ ರಾತ್ರಿಗೆ ನಲವತ್ತು. ಕಾರಣ: ಎಣಿಕೆದಾರರು 'ಇಲ್ಲ' ಎಂದಿಲ್ಲ. ಒಂದು ವಾರಕ್ಕೆ ಅರವತ್ತು. ಪಟ್ಟಿಯನ್ನು ಬಾಡಿಗೆ ಆ್ಯಪುಗಳಿಗೂ ಆಸ್ಪತ್ರೆಗಳಿಗೂ ಕಂಪನಿ ಮಾರುತ್ತಿತ್ತು. ಇಂದೋ ನಾಳೆಯೋ ಕೈಬಿಟ್ಟು ಹೋಗುವ ಗಾಡಿಗೆ ಅವರು ಟ್ರಿಪ್ಪು ಕೊಡುವುದು ನಿಲ್ಲಿಸಿದರು. ಟ್ರಿಪ್ಪು ಕಡಿಮೆಯಾದದ್ದನ್ನು ಕಂಡು ಮುಂಗಾಣಿ ಇನ್ನೂ ಹತ್ತು ಸೇರಿಸಿತು. ಈಗ ಎಂಬತ್ತೆಂಟು. ಎಲ್ಲಕ್ಕಿಂತ ದೊಡ್ಡ ಕಾರಣ ಕೊನೆಯಲ್ಲಿತ್ತು: ಮನೆಯವರ ಆಸಕ್ತಿ.

"ಇದೇನು?"

"ಈ ಗಾಡಿಯವರ ಮನ್ಯಾಗ ಯಾರೋ ಈ ಪುಟ ನೂರಾ ನಲವತ್ಮೂರು ಸಲ ತಗದ ನೋಡ್ಯಾರ್ರಿ. ಮಾರೂ ಮನಸ್ಸಿದ್ದವರು ಹಂಗ. ತಮ್ಮ ಗಾಡಿಗೆ ಎಷ್ಟು ಬರ್ತೈತಿ ಅಂತ ಪದೇ ಪದೇ ನೋಡ್ತಾರ."

ಕಸ್ತೂರಿ ಕುರ್ಚಿಯ ಹಿಡಿಕೆ ಹಿಡಿದುಕೊಂಡಳು. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಬೇಳೆಯ ಮುಂದೆ, ಗಂಡ ಸ್ನಾನಕ್ಕೆ ಹೋದಾಗ. ಅವನನ್ನು ಹಿಡಿಯಲೆಂದು ಅವಳು ನೋಡಿದ ಒಂದೊಂದು ಸಲವೂ ಅವನ ಗಾಡಿಯನ್ನು ಹೊಂಬಳರ ಅಂಗಳದತ್ತ ಒಂದಿಷ್ಟು ದೂಡಿತ್ತು. ಅವನು ಹೇಳಿದ್ದೆಲ್ಲ ನಿಜ. ಆರ್.ಸಿ. ಕಾಗದ ವಿಮಾ ಆಫೀಸಿನಲ್ಲೇ ಇರಬೇಕು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ನೋಡಿದಾಕಿ ನಾನ, ತನ್ವೀರ್. ಇದನ್ನ ತಗೀಲಿಕ್ಕೆ ಬರ್ತೈತೇನು?"

"ಬರ್ತೈತಿ. ಆ ಖಾಲಿ ಸಾಲಿಗೆ ನೀವು ಈಗರ 'ಇಲ್ಲ' ಅನ್ನರಿ. ಎಣಿಕೆದಾರರ ಮಾತಿಗೆ ಮುಂಗಾಣಿ ಭಾಳ ಬೆಲಿ ಕೊಡ್ತೈತಿ."

ಅವಳು ಚೀಲದಿಂದ ಯಂತ್ರ ತೆಗೆದು 'ಇಲ್ಲ' ಒತ್ತಿದಳು. ಗೋಡೆಯ ಮೇಲೆ ಎಂಬತ್ತೆಂಟು ಇದ್ದದ್ದು ಐವತ್ತಾಯಿತು, ಇಪ್ಪತ್ತಾಯಿತು, ಒಂಬತ್ತಾಯಿತು. ಹಳದಿ ಚುಕ್ಕಿ ಮಂಕಾಯಿತು. ಕಸ್ತೂರಿ ದೊಡ್ಡದಾಗಿ ಉಸಿರು ಬಿಟ್ಟಳು. ಸೀದಾ ಮನೆಗೆ ಹೋಗಿ ತಪ್ಪಾಯಿತು ಎಂದು ಅವನ ಕೈ ಹಿಡಿಯಬೇಕು ಎಂದುಕೊಂಡು ಎದ್ದಳು.

ಬಾಗಿಲು ತಲುಪುವಷ್ಟರಲ್ಲಿ ತನ್ವೀರ್ ಕೂಗಿದ. "ಅಕ್ಕಾರ!"

ಚುಕ್ಕಿ ಬಿಳಿಯಾಗಿತ್ತು. ಪಕ್ಕದಲ್ಲಿ ನೂರು. ಕಾರಣ: ಹೊಂಬಳ ಮೋಟರ್ಸ್ ಗೇಟಿನ ಹೊಸ ಕ್ಯಾಮೆರಾ ನಂಬರು ಓದಿದೆ, ಗಾಡಿ ಅಂಗಳಕ್ಕೆ ಬಂದಿದೆ.

ಆಟೋ ಹಿಡಿದು ಗೋಕುಲ ರಸ್ತೆಗೆ ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ದಾರಿಯುದ್ದಕ್ಕೂ ಗಂಡನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಹೊಂಬಳರ ಗೇಟಿನ ಹತ್ತಿರ ಬರುವಾಗ ಒಳಗಿನಿಂದ ಕ್ಲಾರಿನೆಟ್ ಸದ್ದು ಕೇಳಿಸಿತು. ಯಾರದೋ ಮದುವೆ ಎಂದುಕೊಂಡಳು.

ಮದುವೆ ಇರಲಿಲ್ಲ. ಅಂಗಳದ ನಡುವೆ ಫಕೀರೇಶನ ನೀಲಿ ಗಾಡಿ ನಿಂತಿತ್ತು. ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮ, ಸುತ್ತ ಚೆಂಡುಹೂವಿನ ಹಾರ, ಮುಂದೆ ಒಡೆದ ತೆಂಗಿನಕಾಯಿ. ಕೆಂಪು ಕೋಟು ತೊಟ್ಟ ಐದಾರು ಜನ ಅದರ ಸುತ್ತ ನಿಂತು ಊದುತ್ತ ಬಾರಿಸುತ್ತ ಕುಣಿಯುತ್ತಿದ್ದರು. ಅಣ್ಣಿಗೇರಿಯ ಬ್ಯಾಂಡ್ ಸೆಟ್ಟಿನವರು. ಇಷ್ಟು ವರ್ಷ ಡ್ರಮ್ಮು ಡೋಲುಗಳನ್ನು ಬಸ್ಸಿನ ತಲೆಯ ಮೇಲೆ ಹಾಕಿಕೊಂಡು ಊರೂರು ತಿರುಗಿದವರು, ಎರಡು ವಾರದ ಹಿಂದೆ ಚಕ್ರಸಂತೆಯಲ್ಲಿ ಈ ಗಾಡಿ ಕಾಯ್ದಿರಿಸಿದ್ದರು. ಶುಕ್ರವಾರ ಬರುತ್ತದೆ ಎಂದಿದ್ದಕ್ಕೆ ಬೆಳಿಗ್ಗೆಯೇ ಬಂದು ಕಾಯಿ ಹಿಡಿದು ಕಾದಿದ್ದರು.

ಗಾಡಿ ಬರುವುದಿಲ್ಲ, ನನಗೇನೂ ಗೊತ್ತಿಲ್ಲ ಎಂದು ಹೊಂಬಳ ಅವರಿಗೆ ಹೇಳಿ ಹೇಳಿ ಸುಸ್ತಾಗಿದ್ದ. ಅಷ್ಟರಲ್ಲಿ ಗಾಡಿ ಗೇಟಿನೊಳಗೆ ಬಂದಿತ್ತು.

ಫಕೀರೇಶ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಮಡಿಸಿದ ಒಂದು ಕಾಗದವಿತ್ತು.

"ನಾ ಮಾರಾಕ ಬಂದಿದ್ದಿಲ್ಲ," ಎಂದ, ಅವಳು ಕೇಳುವ ಮೊದಲೇ. "ನೀ ಬರಿಸ್ಕೊಂಡ ಬಾ ಅಂದಿದ್ದಿ. ಬರಸಾಕ ಬಂದೆ. ಒಳಗ ಹೊಂಬಳಾರು ಬರದ ಕೊಟ್ರು. ಹೊರಗ ಬಂದು ನೋಡ್ತೇನಿ, ಕಾಯಿ ಒಡದ ಬಿಟ್ಟಾರ."

ಕಾಯಿ ಒಡೆದ ಮೇಲೆ ಗಾಡಿ ಒಡೆದವರದು. ಕಾನೂನಿನಲ್ಲಿ ಇದು ಎಲ್ಲೂ ಇಲ್ಲ. ಆದರೆ ಗೋಕುಲ ರಸ್ತೆಯ ಏಳೂ ಅಂಗಳಗಳಲ್ಲಿ ಈ ಮಾತನ್ನು ಮೀರಿದವರನ್ನು ಕಸ್ತೂರಿ ನೋಡಿರಲಿಲ್ಲ.

"ನನ್ನ ಗಾಡಿ ಅಂತ ಹೇಳಬೇಕಾಗಿತ್ತು ನೀವು."

"ಹೇಳಾಕ ಹೋದೆ. ಬ್ಯಾಂಡಿನವರ ಮನಿ ಮುದುಕಿ ಬಾನೆಟ್ಟಿಗೆ ಹಣಿ ಹಚ್ಚಿ ಅಳಾಕ ಹತ್ತಿದ್ಲು. ಕುಂಕುಮ ಒರಸ್ರಿ ಅನ್ನಾಕ ಬಾಯಿ ಬರಲಿಲ್ಲ ನನಗ." ಅವನು ಗಾಡಿಯ ಕಡೆ ನೋಡಲಿಲ್ಲ. "ಮತ್ತ ಇಟಗೊಂಡ ಏನ ಮಾಡೂದಿತ್ತು? ಟ್ರಿಪ್ಪಿಲ್ಲ. ಪೇಶಂಟ್ ಇಲ್ಲ. ಮನ್ಯಾಗ ನಂಬಿಕಿ ಇಲ್ಲ. ಹೊಂಬಳಾರ ಮುಂದ ಮಾರಾಟದ ಕಾಗದಕ್ಕ ಸಹಿ ಹಾಕಿ ಕೊಟ್ಟೆ. ಇದನ್ನ ತಗೋ."

ಕಾಗದವನ್ನು ಅವಳ ಕೈಗೆ ಕೊಟ್ಟ. ಹೊಂಬಳನ ವಕ್ರ ಅಕ್ಷರ: ಫಕೀರೇಶ ಇವರು ತಮ್ಮ ಗಾಡಿಯನ್ನು ಮಾರುವ ಬಗ್ಗೆ ನನ್ನ ಹತ್ತಿರ ಎಂದೂ ಮಾತಾಡಿಲ್ಲ. ಕೆಳಗೆ ಅಂದಿನ ತಾರೀಖು, ಸಹಿ.

ಕಸ್ತೂರಿಗೆ ಅಳು ಬಂತು. ಇಪ್ಪತ್ತೊಂದು ವರ್ಷದಲ್ಲಿ ಅವನ ಮಾತನ್ನು ಇಷ್ಟು ಪೂರ್ತಿಯಾಗಿ ಅವಳು ಎಂದೂ ನಂಬಿರಲಿಲ್ಲ. ಕಾಗದವನ್ನು ಓದುವ ಅಗತ್ಯವೇ ಇರಲಿಲ್ಲ. ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕೂತಳು.

"ರೀ, ತಪ್ಪು ನಂದು. ನಿಮಗ ಎಲ್ಲಾ ಹೇಳ್ತೇನಿ," ಎಂದಳು.

ಫಕೀರೇಶನ ಮುಖ ಸ್ವಲ್ಪ ಸಡಿಲಾಯಿತು. "ಹೇಳೀಯಂತ ಬಿಡು. ಮೊದಲ ಮನಿಗೆ ಹೋಗೂಣು," ಎಂದು ಅವಳ ಬೆನ್ನ ಮೇಲೆ ಕೈಯಿಟ್ಟ. ಆಗ ಅವನ ಅಂಗಿಯ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ಓದಿದ. ಮತ್ತೊಮ್ಮೆ ಓದಿದ. ಅವಳ ಬೆನ್ನ ಮೇಲಿನ ಕೈ ಹಿಂದೆ ಸರಿಯಿತು.

"ಇದೇನು ಕಸ್ತೂರಿ?"

ಚಕ್ರಸಂತೆಯಿಂದ ಬಂದ ಸಂದೇಶ: ನಿಮ್ಮ ಗಾಡಿ ಯಶಸ್ವಿಯಾಗಿ ಮಾರಾಟವಾಗಿದೆ. ಈ ಗಾಡಿ ಮಾರಾಟಕ್ಕೆ ಸಿದ್ಧವಾಗಿದೆ ಎಂದು ನಮಗೆ ನೂರಾ ನಲವತ್ಮೂರು ಬಾರಿ ಸುಳಿವು ನೀಡಿದ ನಿಮ್ಮ ಮನೆಯ ಸದಸ್ಯೆ, ನಮ್ಮ ಎಣಿಕೆದಾರರಾದ ಶ್ರೀಮತಿ ಕಸ್ತೂರಿ ಅವರಿಗೆ ಅಭಿನಂದನೆಗಳು.

ಅಂಗಳದಲ್ಲಿ ಬ್ಯಾಂಡಿನವರು ವಾದ್ಯಗಳನ್ನು ಗಾಡಿಗೆ ಹೇರುತ್ತಿದ್ದರು. ಕಸ್ತೂರಿ ಹೇಳತೊಡಗಿದಳು. ಮೂವತ್ತೇಳನೆಯ ಸಾಲಿನಿಂದ ಹಿಡಿದು, ಖಾಲಿ ಬಿಟ್ಟದ್ದು, ಪದೇ ಪದೇ ನೋಡಿದ್ದು, ಮುಂಗಾಣಿ, ಹಳದಿ ಚುಕ್ಕಿ, ಆಗ ತಾನೇ 'ಇಲ್ಲ' ಒತ್ತಿ ಬಂದದ್ದು, ಒಂದನ್ನೂ ಬಿಡದೆ ಹೇಳಿದಳು. ಹೇಳುತ್ತಿದ್ದಂತೆ ಎಲ್ಲವೂ ಕಟ್ಟುಕತೆಯಂತೆ ಅವಳ ಕಿವಿಗೇ ಕೇಳಿಸಿತು. ಆದರೂ ಕೊನೆಯವರೆಗೆ ಹೇಳಿದಳು.

ಫಕೀರೇಶ ಅವಳು ಹೇಳಿದ ಒಂದೊಂದನ್ನೂ ಬೆರಳು ಮಡಿಸಿ ಎಣಿಸುತ್ತ ಕೇಳಿದ.

"ಇನ್ನೊಮ್ಮೆ ಹೇಳು," ಎಂದ. "ಮೊದಲಿಂದ ಹೇಳು."